ಗಾಡಿಯ ನಟ್ಟನಡುವೆ ಕೂತವನು

"ಅಯ್ಯನವರೇ, ಬೈಬಲಿನ ಜ್ಞಾನದ ಮಾತುಗಳಲ್ಲಿ ಒಂದು ಕಡೆ, ತಿಳಿಗೇಡಿಯ ಮಾತಿಗೆ ಉತ್ತರ ಕೊಡಬೇಡ ಅಂತ ಇದೆ. ಅದರ ಬೆನ್ನಿಗೇ, ಉತ್ತರ ಕೊಡು ಅಂತ ಇದೆ. ನಾನು ಯಾವುದನ್ನು ನಂಬಲಿ?"

ಹೀಗೆ ಕೇಳಿದವನು ಜಯಕರ. ಅವನು ಉಪದೇಶಿ ಸಮಾಧಾನಪ್ಪನವರ ಬಳಿ ಶಾಸ್ತ್ರ ಓದುತ್ತಿದ್ದ. ಅಯ್ಯನವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಇದು ಓದುತ್ತಾ ಹುಟ್ಟಿದ ಪ್ರಶ್ನೆಯಲ್ಲ. ಏನಾಯ್ತು, ಅದನ್ನ ಹೇಳು" ಎಂದರು.

ಜಯಕರ ಹೇಳಿದ. ಸಭೆಯಲ್ಲಿ ಕೀರ್ತನೆ ಎತ್ತಿಕೊಡುವವಳು ತಬಿತ ಎಂಬ ಹುಡುಗಿ. ಆರಾಧನೆ ಮುಗಿದು ಜನ ಅಂಗಳಕ್ಕೆ ಬಂದಾಗ ಸಭೆಯ ಹಿರಿಯರಾದ ದೇವಪುತ್ರಪ್ಪ ಎಲ್ಲರಿಗೂ ಕೇಳುವಂತೆ, "ಈ ಹುಡುಗಿ ಬಾಯಿ ತೆಗೆದ್ರೆ ದೇವರೂ ಎದ್ದು ಆಚೆ ಹೋಗ್ತಾನೆ" ಎಂದು ನಗುವುದು ರೂಢಿ. ಹೋದ ಭಾನುವಾರ ಅವರು ಜಯಕರನ ಕಡೆ ತಿರುಗಿ, "ಏನಪ್ಪಾ, ನೀನು ಶಾಸ್ತ್ರ ಓದ್ತಿರೋನು. ನಾನು ಹೇಳಿದ್ದು ಹೌದೋ ಅಲ್ವೋ?" ಎಂದು ಕೇಳಿಬಿಟ್ಟರು. ಜಯಕರನಿಗೆ ಎರಡು ವಚನಗಳೂ ಒಟ್ಟಿಗೇ ನೆನಪಾದವು. ಮಾತಾಡಿದರೆ ಒಂದನ್ನು ಮೀರಿದಂತೆ, ಸುಮ್ಮನಿದ್ದರೆ ಇನ್ನೊಂದನ್ನು ಮೀರಿದಂತೆ. ಕೊನೆಗೆ ಅವನು, "ಹಾಗೂ ಹೇಳಬಹುದು, ಹೀಗೂ ಹೇಳಬಹುದು" ಎಂದು ಗೊಣಗಿ ಹಲ್ಲು ಕಿರಿದ.

ಶಾಸ್ತ್ರ ಓದಿದವನೂ ತಮ್ಮ ಕಡೆಗೇ ಇದ್ದಾನೆ ಎಂದು ದೇವಪುತ್ರಪ್ಪ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಇನ್ನು ಮೇಲೆ ಹಾಡುವುದಿಲ್ಲ ಎಂದು ತಬಿತ ಹೇಳಿ ಕಳಿಸಿದ್ದಾಳೆ.

"ಎರಡು ಮಾತಿಗೂ ಕುಂದು ಬರದ ಹಾಗೆ ನಡುದಾರಿ ಹಿಡಿದೆ, ಅಯ್ಯನವರೇ. ಆದರೂ ಎಡವಟ್ಟಾಯ್ತು. ಪುಸ್ತಕದಲ್ಲೇ ಏನೋ ಗೊಂದಲ ಇರಬೇಕು."

ಅಯ್ಯನವರಿಗೆ ನಗು ಬಂತು. ಅದನ್ನು ತಡೆದುಕೊಂಡು ಅವರು ಒಂದು ಕತೆ ಹೇಳಿದರು.

ಒಬ್ಬ ಮಡಕೆ ವ್ಯಾಪಾರಿ ಇದ್ದ. ಅವನು ಕಸುಬು ಕಲಿತದ್ದು ಸೋದರಮಾವನ ಎತ್ತಿನ ಗಾಡಿಯಲ್ಲಿ. ಕಲಿತೆ ಎನ್ನುವುದು ಅವನ ಮಾತು. ಗಾಡಿ ಊರು ದಾಟುವ ಮೊದಲೇ ಅವನು ಮಡಕೆಗಳ ಮಧ್ಯೆ ಹುಲ್ಲಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ದಾರಿಯಲ್ಲಿ ಒಮ್ಮೆ ಮಾವ, "ಮುಂದಕ್ಕೆ ಬಾರೋ!" ಎಂದು ಕೂಗುತ್ತಿದ್ದ. ಇವನು ಕಣ್ಣು ಬಿಡದೆ ಮುಂದಕ್ಕೆ ತೆವಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮಾವ, "ಹಿಂದಕ್ಕೆ ಹೋಗೋ!" ಎಂದು ಕೂಗುತ್ತಿದ್ದ. ಇವನು ಕಣ್ಣು ಬಿಡದೆ ಹಿಂದಕ್ಕೆ ತೆವಳುತ್ತಿದ್ದ. ಹೀಗೆ ಇಡೀ ವಿದ್ಯೆಯನ್ನು ಅವನು ಮಲಗಿಕೊಂಡೇ ಕಲಿತ.

ಮುಂದೆ ಅವನೇ ಸ್ವಂತ ಗಾಡಿ ಕಟ್ಟಿದ. ಗುಡ್ಡದ ಆಚೆಯ ಊರಲ್ಲಿ ಒಂದು ಮದುವೆ. ಅಡುಗೆಗೆ ಬೇಕಾದ ಮಡಕೆಗಳನ್ನೆಲ್ಲ ತಂದುಕೊಡುತ್ತೇನೆ ಎಂದು ಮಾತು ಕೊಟ್ಟ. ಅದು ಅವನ ಮೊದಲ ಹೊರೆ. ಅದನ್ನು ಸರಿಯಾಗಿ ಮುಟ್ಟಿಸಿದರೆ ಸುತ್ತಲಿನ ಊರುಗಳಲ್ಲಿ ಅವನಿಗೊಂದು ಹೆಸರು.

ಗಾಡಿ ಹತ್ತುವಾಗ ಅನುಮಾನ ಶುರುವಾಯಿತು. ಮುಂದೆ ಕೂರುವುದೋ, ಹಿಂದೆ ಕೂರುವುದೋ? ಮಾವ ಎರಡನ್ನೂ ಹೇಳಿದ್ದಾನೆ. ಹಿರಿಯರ ಮಾತು, ಒಂದನ್ನೂ ಬಿಡುವ ಹಾಗಿಲ್ಲ. ತುಂಬಾ ಯೋಚಿಸಿ ಅವನು ಮಡಕೆಗಳನ್ನು ಮುಂದಕ್ಕೊಂದು ಪಾಲು, ಹಿಂದಕ್ಕೊಂದು ಪಾಲು ಸರಿಸಿ, ಗಾಡಿಯ ನಟ್ಟನಡುವೆ, ಚಕ್ರದ ಅಚ್ಚಿನ ನೇರಕ್ಕೆ ಕೂತ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಬಯಲಿನಲ್ಲಿ ಗಾಡಿ ಸಲೀಸಾಗಿ ಹೋಯಿತು. ಗುಡ್ಡದ ಏರು ಬಂತು. ಹೊರೆಯೆಲ್ಲ ಹಿಂದಕ್ಕೆ ವಾಲಿತು. ನೊಗ ಮೇಲೆದ್ದು, ಕೊರಳಿನ ಹಗ್ಗ ಎತ್ತುಗಳ ಗಂಟಲನ್ನು ಬಿಗಿಯಿತು. ಹಿಂದಿನ ಪಾಲಿನ ಮಡಕೆಗಳು ಒಂದೊಂದಾಗಿ ಇಳಿದು, ಬಂದ ದಾರಿಯಲ್ಲೇ ಊರಿನ ಕಡೆ ಉರುಳಿದವು. ಹೊರೆ ಹಗುರವಾದ್ದರಿಂದ ಗಾಡಿ ಹೇಗೋ ಗುಡ್ಡ ಹತ್ತಿತು. ವ್ಯಾಪಾರಿ ಮಾತ್ರ ಕೂತ ಜಾಗ ಬಿಟ್ಟು ಕದಲಲಿಲ್ಲ.

ಆಮೇಲೆ ಇಳಿಜಾರು. ಈಗ ಭಾರವೆಲ್ಲ ಮುಂದಕ್ಕೆ ಬಂತು. ನೊಗ ಎತ್ತುಗಳ ಕತ್ತಿನ ಮೇಲೆ ಒತ್ತಿ ಕೂತಿತು. ನೋವು ತಾಳಲಾರದೆ ಅವು ಓಡಿದವು. ಮುಂದಿನ ಪಾಲಿನ ಮಡಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಚೂರಾದವು.

ಮದುವೆಮನೆಯ ಹೆಂಗಸರು ಸಂಭ್ರಮದಿಂದ ಬಂದು ಗಾಡಿಯನ್ನು ಸುತ್ತುವರಿದರು. ಮದುಮಗಳ ಅಜ್ಜಿ ಹುಲ್ಲು ಕೆದಕಿ, ಒಡೆಯದೆ ಉಳಿದಿದ್ದ ಒಂದು ಮುಚ್ಚಳವನ್ನು ಎತ್ತಿ ಹಿಡಿದು, "ಇದರಲ್ಲಿ ಎಷ್ಟು ಜನಕ್ಕೆ ಬೇಯಿಸಲಪ್ಪಾ?" ಎಂದು ಕೇಳಿದಳು. ಚಪ್ಪರದ ತುಂಬ ನಗು. ವ್ಯಾಪಾರಿಗೆ ಭೂಮಿಗಿಳಿದು ಹೋದಂತಾಯಿತು.

ಸೋದರಮಾವನೂ ಮದುವೆಗೆ ಬಂದಿದ್ದ. ವ್ಯಾಪಾರಿಯ ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

"ಎಲ್ಲಾ ನಿನ್ನಿಂದ್ಲೇ ಆಗಿದ್ದು, ಮಾವ! ಮುಂದೆ ಬಾ ಅಂತೀಯ, ಹಿಂದೆ ಹೋಗು ಅಂತೀಯ. ಎರಡಕ್ಕೂ ನ್ಯಾಯ ಆಗ್ಲಿ ಅಂತ ನಡುವೆ ಕೂತೆ. ನೋಡು, ಏನಾಯ್ತು!"

ಮಾವ ಮೊದಲು ಎತ್ತುಗಳ ಕೊರಳಿನ ಹಗ್ಗ ಬಿಚ್ಚಿದ. ಗಂಟಲ ಕೆಳಗೆ ಹಗ್ಗದ ಬರೆ ಎದ್ದಿತ್ತು. ಕತ್ತಿನ ಮೇಲೆ ಬಾವು ಬಂದಿತ್ತು. ಅದರ ಮೇಲೆ ಮೆಲ್ಲಗೆ ಕೈಯಾಡಿಸುತ್ತಾ ಹೇಳಿದ: "ಏರಿನಲ್ಲಿ ಮುಂದೆ ಬಾ ಅಂದೆ, ನೊಗ ಮೇಲೇಳಬಾರದು ಅಂತ. ಇಳಿಜಾರಲ್ಲಿ ಹಿಂದೆ ಹೋಗು ಅಂದೆ, ನೊಗ ಕೆಳಕ್ಕೆ ಒತ್ತಬಾರದು ಅಂತ. ನಾನು ಹೇಳಿದ್ದು ಒಂದೇ ಮಾತು ಕಣೋ, ಎತ್ತಿನ ಕತ್ತು ಕಾಯಿ ಅಂತ. ನೀನು ಕಣ್ಣು ಮುಚ್ಕೊಂಡು ಬರೀ ಕಿವೀಲಿ ಕೇಳಿದೆ. ನಟ್ಟನಡುವೆ ಕೂತೋನು ಗಾಡೀಲಿದ್ರೂ ಒಂದೇ, ಮನೇಲಿದ್ರೂ ಒಂದೇ."

ಮದುವೆಮನೆಯವರು ನೆರೆಯವರಿಂದ ಹಂಡೆ ಕೊಪ್ಪರಿಗೆ ತಂದು ಅಡುಗೆ ಮಾಡಿದರು. ಊಟಕ್ಕೇನೂ ಕೊರತೆಯಾಗಲಿಲ್ಲ. ವ್ಯಾಪಾರಿಗೂ ಎಲೆ ಹಾಕಿದರು.

ಕತೆ ಮುಗಿಯುವಷ್ಟರಲ್ಲಿ ಜಯಕರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥಾ ಪೆದ್ದ, ಅಯ್ಯನವರೇ! ಒಂದ್ಸಲ ಕಣ್ಣು ಬಿಟ್ಟು ದಾರಿ ನೋಡಿದ್ದಿದ್ರೆ ಎರಡು ಮಾತೂ ಸರಿ ಅಂತ ಗೊತ್ತಾಗ್ತಿತ್ತು. ಹಾಗಾದ್ರೆ ನಮ್ಮ ವಚನಗಳಲ್ಲೂ ಗೊಂದಲ ಇಲ್ಲ ಅನ್ನಿ!"

ಅಯ್ಯನವರು ಸುಲಿದ ಕಾಳನ್ನು ಮೊರಕ್ಕೆ ಹಾಕಿ ತಲೆ ಎತ್ತಿದರು.

"ಆ ಭಾನುವಾರ ನೊಗ ಇದ್ದದ್ದು ಯಾರ ಕತ್ತಿನ ಮೇಲೆ, ಜಯಕರ?"

ಜಯಕರನ ನಗು ಅಲ್ಲಿಗೇ ನಿಂತಿತು.