ವಾಸನೆಗೆ ಹೆಸರಿಟ್ಟ ಬೊಮ್ಮಕ್ಕ

ಬಾ ಕಂದಾ, ಕಾಲು ಚಾಚಿ ಕೂತ್ಕೋ. ಹುರಿಗಡಲೆ ಆಮೇಲೆ ತಿನ್ನುವೆಯಂತೆ, ಈಗ ಕಿವಿ ಇತ್ತ ಕೊಡು.

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹೂವಿಗೆ ಹೆಸರಿತ್ತು, ಬಣ್ಣಕ್ಕೆ ಹೆಸರಿತ್ತು. ವಾಸನೆಗೆ ಮಾತ್ರ ಯಾರೂ ಹೆಸರಿಟ್ಟಿರಲಿಲ್ಲ.

ಆಗ ಬೊಮ್ಮಕ್ಕ ಅಂತ ಒಬ್ಬಳು ಕುರಿ ಕಾಯುತ್ತಿದ್ದಳು. ಒಂದು ಬೆಳಗ್ಗೆ ದಟ್ಟ ಮಂಜು ಮುಸುಕಿತು. ಅವಳ ಪುಟ್ಟ ಮಗಳು ಚೆಲುವಿ ಆ ಮಂಜಿನೊಳಗೆ ತಪ್ಪಿಸಿಕೊಂಡಳು. ಕೂಗಿದರೆ ಓಗೊಡಲಿಲ್ಲ. ದೂರದಲ್ಲಿ ತೋಳ ಊಳಿಟ್ಟಿತು.

"ಗಾಳಿಯಣ್ಣಾ, ನನ್ನ ಮಗಳ ವಾಸನೆ ಹುಡುಕಿಕೊಡೋ!"

"ಹುಡುಕ್ತೀನಿ ತಂಗೀ. ಎಂಥ ವಾಸನೆ?"

"ಹಾಲಿನ ಥರ."

ಗಾಳಿ ಹೋಗಿ ಹಾಲಿನ ವಾಸನೆ ತಂದಿತು.

"ಅದಲ್ಲಣ್ಣಾ, ಬಿಸಿಲಿಗೆ ಕಾದ ಹುಲ್ಲಿನ ಥರ."

ಗಾಳಿ ಹುಲ್ಲಿನ ವಾಸನೆ ತಂದಿತು. "ಥರ ಗಿರ ನನಗೆ ತಿಳಿಯೋದಿಲ್ಲ ತಾಯೀ. ಅದರದೇ ಹೆಸರು ಹೇಳು."

ನಾದಿನಿ ಸಣ್ಣೀರಿ ನಕ್ಕಳು. "ಸಾಕು ಬಿಡತ್ತಿಗೆ, ಮಂಜು ಕರಗಲಿ, ಕಣ್ಣಲ್ಲೇ ಹುಡುಕೋಣ. ಮೂಗಿಗೂ ಮಾತು ಕಲಿಸ್ತೀಯಾ?"

"ಕಲಿಸ್ತೀನಿ ಕಣೇ! ಮಂಜು ಕರಗೋವರೆಗೆ ತೋಳ ಕಾಯ್ತದಾ?"

ಬೊಮ್ಮಕ್ಕ ಮಗಳ ಕಂಬಳಿ ತಬ್ಬಿ ಕೂತಳು. ಕಣ್ಣು ಮುಚ್ಚಿದಳು. ಮೂಸಿದಳು, ಒಂದು ಹೆಸರು ಕೂಗಿದಳು. ಗಾಳಿ ಕದಲಲಿಲ್ಲ. ಮತ್ತೆ ಮೂಸಿದಳು, ಮತ್ತೊಂದು ಕೂಗಿದಳು. ಗಾಳಿ ಕದಲಲಿಲ್ಲ. ಗಂಟಲು ಒಣಗಿತು, ಆದರೂ ಅವಳು ಏಳಲಿಲ್ಲ. ಕೊನೆಗೆ ಕಂಬಳಿಯೊಳಗೆ ಮುಖ ಹುದುಗಿಸಿ ಉಸಿರೆಳೆದಾಗ ಬಾಯಿಗೆ ತಾನಾಗಿ ಬಂತು: "ಹುಮ್ಮು!"

"ಹಾಂ, ಇದು!" ಅಂತ ಗಾಳಿ ಚಂಗನೆ ಎದ್ದಿತು. ಬೊಮ್ಮಕ್ಕ ಅದರ ಹಿಂದೆಯೇ ಮೂಗರಳಿಸಿಕೊಂಡು ಓಡಿದಳು. ಬಂಡೆಯ ಸಂದಿಯಲ್ಲಿ ಚೆಲುವಿ ಮುದುಡಿ ಕೂತಿದ್ದಳು. ತೋಳ ಆಚೆ ದಿಣ್ಣೆ ಇಳಿಯುತ್ತಿತ್ತು. ಅಷ್ಟರಲ್ಲಿ ಮಗಳು ತಾಯಿಯ ಸೊಂಟ ಏರಿಯಾಗಿತ್ತು.

ಅಲ್ಲಿಗೆ ಬೊಮ್ಮಕ್ಕ ನಿಲ್ಲಿಸಲಿಲ್ಲ. ನೆನೆದ ಕಲ್ಲು, ಬಾವಲಿ ಗುಹೆ, ಹುಲಿ ಹೋದ ದಾರಿ, ಎಲ್ಲದರ ವಾಸನೆಗೂ ಹೆಸರಿಡುತ್ತ ಮುದುಕಿಯಾದಳು. ಚೆಲುವಿ ಬೆಟ್ಟದವರ ಮನೆಗೆ ಸೊಸೆಯಾಗಿ ಹೋದಳು, ಅಮ್ಮ ಇಟ್ಟ ಹೆಸರುಗಳನ್ನೆಲ್ಲ ಮಕ್ಕಳಿಗೆ ಕಲಿಸಿದಳು. ನಾವು ಕೆಂಪು, ಹಸಿರು ಅನ್ನುವಷ್ಟು ಸಲೀಸಾಗಿ ಅವರ ಮಾತಿನಲ್ಲಿ ವಾಸನೆಗಳಿಗೆ ಹೆಸರಿದೆಯಂತೆ.

ಸಣ್ಣೀರಿ ಮಾತ್ರ ಕಣ್ಣೇ ಸಾಕು ಅಂತ ಇಲ್ಲೇ ನಮ್ಮ ಕೆರೆ ಬಯಲಲ್ಲಿ ಉಳಿದಳು. ಹಳೇ ಎಣ್ಣೆಗೆ ಕಮಟು, ಒಗ್ಗರಣೆಗೆ ಘಾಟು, ಅವರೆಕಾಯಿಗೆ ಸೊಗಡು, ಇಷ್ಟು ಕಲಿಯುವಷ್ಟರಲ್ಲಿ ಅವಳಿಗೆ ಸಾಕಾಯಿತು. ನಾವು ಅವಳ ವಂಶದವರು ಕಂದಾ. ಅದಕ್ಕೇ ಇವತ್ತಿಗೂ ನೀನು ಪಾತ್ರೆಯ ಮುಚ್ಚಳ ತೆಗೆದು ಮೂಸಿ, "ಅಜ್ಜೀ, ಇದು... ಇದು... ಯಾವುದರ ಥರ?" ಅಂತ ನನ್ನ ಮುಖ ನೋಡುವುದು.