ಕೌದಿಯ ಹೊಟ್ಟೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಯಾರ ಕಣ್ಣಿಗೂ ಬೀಳದ ಒಂದು ಸಣ್ಣ ವಿಷಯಕ್ಕಾಗಿ ಕೈಯಲ್ಲಿದ್ದ ಕೆಲಸವನ್ನೇ ಕಳೆದುಕೊಳ್ಳುವುದು ಸರಿಯೇ? ಅದು ಬರೀ ಹಟವಲ್ಲವೇ?"

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಪ್ರತಿ ವಿಜಯದಶಮಿಗೆ ಅವನು ಊರಿನ ನಲವತ್ತು ಮಂದಿ ದೊಡ್ಡವರನ್ನು ಊಟಕ್ಕೆ ಕರೆಯುತ್ತಿದ್ದ. ಒಬ್ಬೊಬ್ಬರ ಎಲೆಯ ಪಕ್ಕದಲ್ಲಿ ಒಂದೊಂದು ಬೆಳ್ಳಿ ಬಟ್ಟಲು ಇಡಿಸುತ್ತಿದ್ದ. ಉಂಡವರು ಅದನ್ನು ಮನೆಗೆ ಒಯ್ಯಬೇಕು. ಅದು ಅವನ ಮನೆಯ ಪದ್ಧತಿ. ಒಂದು ವರ್ಷ ಅವನಿಗೆ ಬೆಳ್ಳಿ ಸಾಕೆನಿಸಿತು. ಬೆಳ್ಳಿಯನ್ನು ಉಳ್ಳವರು ಯಾರಾದರೂ ಕೊಟ್ಟಾರು. ಯಾರೂ ಕೊಡದ್ದನ್ನು ತಾನು ಕೊಡಬೇಕು ಎಂದುಕೊಂಡ.

ಅದೇ ಊರಿನಲ್ಲಿ ಫಕೀರವ್ವ ಎಂಬ ಹೆಂಗಸಿದ್ದಳು. ಚೂರು ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ವರ್ತಕನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರೆಲ್ಲ ಅವಳಿಗೆ ಸೇರುತ್ತಿತ್ತು. ಹಿಂದೆ ಅವಳ ತಾಯಿಗೆ ಸೇರುತ್ತಿತ್ತು. ಆ ಚೂರು ನಿಂತರೆ ಕೌದಿಯಿಲ್ಲ. ಕೌದಿ ನಿಂತರೆ ಅವಳಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ವರ್ತಕ ಅವಳನ್ನು ಕರೆಸಿದ. ಅಂಗೈಯಗಲದ ನಲವತ್ತು ತುಣುಕು ಬೇಕು, ಗೋಡೆಗೆ ತೂಗುಹಾಕುವಂತಿರಬೇಕು, ನೋಡಿದರೆ ಶರತ್ಕಾಲ ಕಾಣಬೇಕು ಎಂದ. ಅವಳು ಒಪ್ಪಿದಳು.

ಅವಳು ಅರಳಿ ಎಲೆಗಳನ್ನು ನೀರಿನಲ್ಲಿ ಕೊಳೆಹಾಕಿದಳು. ಹಸಿರೆಲ್ಲ ಕರಗಿ ನಾರಿನ ಬಲೆ ಉಳಿಯುವವರೆಗೆ ಕಾದಳು. ಎರಡು ಪದರ ಬಟ್ಟೆಗೆ ಹುಣಸೆ ಬೀಜದ ಅಂಟು ಕೊಟ್ಟು ಬಿರುಸು ಮಾಡಿದಳು. ಅದರ ಮೇಲೆ ಅರಳಿಯ ನಾರು, ಸಜ್ಜೆ ತೆನೆಯ ತುದಿ, ಒಡೆದ ಹತ್ತಿಕಾಯಿಯ ಸಿಪ್ಪೆ, ಒಣಗಿದ ಚೆಂಡುಹೂವಿನ ಎಸಳು ಜೋಡಿಸಿ ಹೊಲಿದಳು. ಒಂದರಂತೆ ಇನ್ನೊಂದಿರಲಿಲ್ಲ.

ಕೌದಿಯವರಲ್ಲಿ ಒಂದು ನೇಮವಿದೆ. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಳಗೆ ನಾಲ್ಕು ಕಾಳು ಇಟ್ಟು ಹೊಲಿಯಬೇಕು. ಹೊಟ್ಟೆ ತುಂಬಿಸುವುದು ಎಂದು ಅದರ ಹೆಸರು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬುದು ಅವರ ಮಾತು. ಫಕೀರವ್ವ ನಲವತ್ತು ತುಣುಕಿನ ಹೊಟ್ಟೆಯನ್ನೂ ತುಂಬಿಸಿದಳು. ಹಬ್ಬಕ್ಕೆ ಎರಡು ದಿನವಿರುವಾಗ ಅಂಗಡಿಗೆ ತಂದಳು.

ವರ್ತಕ ಒಂದನ್ನು ಎತ್ತಿ ನೋಡಿದ. ಮೆಚ್ಚಿದ. ತಿರುಗಿಸಿದಾಗ ಹೆಬ್ಬೆರಳಿಗೆ ಏನೋ ತಗುಲಿತು.

"ಇದೇನವ್ವಾ ಒಳಗ?"

"ಜೋಳ್ರೀ ಸಾವ್ಕಾರ್ರ. ನಾಕು ಕಾಳು. ಹೊಟ್ಟಿ ತುಂಬಿಸೀನಿ."

"ಅರಿವಿ ಚೂರಿಗೆ ಎಂಥಾ ಹೊಟ್ಟಿ? ನಾಳೆ ನುಸಿ ಹಿಡಿದ್ರ ಹೆಸರು ಹೋಗೂದು ನಂದು."

"ನುಸಿನೂ ಉಣ್ಣಲಿ ಬಿಡ್ರಿ. ನಲವತ್ತು ಮಂದಿಗೆ ಹಾಕಾವ್ರಿಗೆ ಅದೊಂದು ಭಾರ ಆಗತದೇನು?"

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ವರ್ತಕ ನಗಲಿಲ್ಲ. ಪೆಟ್ಟಿಗೆಯಿಂದ ಒಂದು ಕಟ್ಟು ಚೀಟಿ ತೆಗೆದ. ಪ್ರತಿ ಚೀಟಿಯ ಮೇಲೂ ಅವನ ಹೆಸರು ಅಚ್ಚಾಗಿತ್ತು.

"ಕಾಳು ತೆಗಿ. ಆ ಜಾಗಕ್ಕ ಇದನ್ನ ಇಟ್ಟು ಹೊಲಿ. ಯಾರಿಗೂ ಕಾಣೂದಿಲ್ಲ. ಆದ್ರ ಇದು ಹರಿದ ದಿನ ಒಳಗ ನನ್ನ ಹೆಸರು ಸಿಗಬೇಕು."

"ಹೆಸರು ಬೇಕಂದ್ರ ಹಿಂದ ಅಂಟಿಸಿಕೊಡ್ತೀನ್ರಿ."

"ಅಂಟಿಸಿದ್ದನ್ನ ಜನ ಕಿತ್ತು ಒಗೀತಾರ. ಒಳಗ ಹೊಲಿದದ್ದನ್ನ ಯಾರೂ ಕೀಳೂದಿಲ್ಲ."

ಫಕೀರವ್ವ ಚೀಟಿಯ ಕಟ್ಟನ್ನು ಅವನ ಕಡೆಗೆ ಸರಿಸಿದಳು.

"ಅದು ಹೊಟ್ಟಿರೀ, ಕಿಸೆ ಅಲ್ಲ. ಉಣ್ಣೋರ ಎಲಿ ಬಾಜೂಕ ಹಸಿದದ್ದನ್ನ ತಂದು ಕುಂಡ್ರಸಾಕಿ ಅಲ್ಲ ನಾ."

ವರ್ತಕ ಮೊದಲು ಪುಸಲಾಯಿಸಿದ. ಇನ್ನು ಮುಂದೆ ಚೂರಿನ ಜೊತೆ ರೇಷ್ಮೆಯ ತುಂಡನ್ನೂ ಕೊಡುತ್ತೇನೆ ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ಆಮೇಲೆ ಹೆದರಿಸಿದ. ನಾಳೆಯಿಂದ ಈ ಕಟ್ಟೆ ಹತ್ತಬೇಡ, ಒಂದು ಚಿಂದಿಯೂ ಸಿಗುವುದಿಲ್ಲ ಎಂದ. ಅವಳು ತುಣುಕುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಕೊನೆಗೆ ವರ್ತಕ ಒಂದು ಉಪಾಯ ಮಾಡಿದ.

"ಇದ್ರಾಗಿರೂ ಅರಿವಿ ನನ್ನ ಅಂಗಡೀದು. ನನ್ನ ಅರಿವಿ ನನಗ ಕೊಟ್ಟು ನಡಿ."

ಬಟ್ಟೆಯನ್ನು ಕೊಡಬೇಕಾದರೆ ತುಣುಕನ್ನೇ ಕೊಡಬೇಕಲ್ಲ. ಆಮೇಲೆ ಚೀಟಿಯನ್ನು ಬೇರೆ ಯಾರಿಂದಲಾದರೂ ಹೊಲಿಸಿದರಾಯಿತು. ಅದು ಅವನ ಲೆಕ್ಕಾಚಾರ.

"ಖರೆ," ಎಂದಳು ಫಕೀರವ್ವ. "ಅರಿವಿ ನಿಮ್ಮದು."

ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತಳು. ಸೊಂಟದಿಂದ ಕತ್ತರಿ ತೆಗೆದಳು. ಒಂದು ತುಣುಕಿನ ಹೊಲಿಗೆ ಬಿಚ್ಚಿದಳು. ಅರಳಿಯ ನಾರು ದಾರದ ಜೊತೆಗೇ ಹರಿಯಿತು. ಬಟ್ಟೆಯನ್ನು ಮಡಚಿ ವರ್ತಕನ ಮುಂದಿಟ್ಟಳು. ಕಾಳನ್ನು ಸೆರಗಿಗೆ ಹಾಕಿಕೊಂಡಳು. ಎರಡನೆಯದನ್ನು ಎತ್ತಿಕೊಂಡಳು.

ಗಿರಾಕಿಗಳು ಈಗ ನಗುತ್ತಿರಲಿಲ್ಲ. ಹತ್ತನೆಯದು ಮುಗಿದಾಗ ವರ್ತಕ ಎದ್ದು ನಿಂತ.

"ಸಾಕು ಮಾಡು. ಹುಚ್ಚು ಹಿಡಿದದೇನು ನಿನಗ? ಉಳಿದದ್ದು ಇಟ್ಟು ಹೋಗು."

"ಚೀಟಿ ಹೊಲಿಸೂದು ಬಿಟ್ರೇನು ಸಾವ್ಕಾರ್ರ?"

ವರ್ತಕ ಚೀಟಿಯ ಕಟ್ಟನ್ನು ನೋಡಿದ. ಗಿರಾಕಿಗಳನ್ನು ನೋಡಿದ. ಕಟ್ಟನ್ನು ಮತ್ತೆ ಅವಳ ಕಡೆಗೆ ಸರಿಸಿದ.

"ಹಂಗಾರ ಇನ್ನೂ ಮೂವತ್ತು ಅದಾವ," ಎಂದು ಅವಳು ಹನ್ನೊಂದನೆಯದಕ್ಕೆ ಕತ್ತರಿ ಹಾಕಿದಳು.

ನಲವತ್ತೂ ಬಿಚ್ಚಿದ ಮೇಲೆ ಸೆರಗು ಕಟ್ಟಿಕೊಂಡು ಎದ್ದಳು. ಕಟ್ಟೆಯ ಮೇಲೆ ಬಿದ್ದ ಎಲೆಯ ಪುಡಿಯನ್ನು ತಾನೇ ಗುಡಿಸಿದಳು. ಇಳಿದು ಹೋದಳು.

ಆ ವಿಜಯದಶಮಿಗೂ ಎಲೆಗಳ ಪಕ್ಕದಲ್ಲಿ ಬೆಳ್ಳಿ ಬಟ್ಟಲೇ ಬಂತು. ನಲವತ್ತು ಮಂದಿ ಉಂಡರು, ಒಯ್ದರು. ಫಕೀರವ್ವ ಮನೆ ಮನೆಗೆ ಹೋಗಿ ಹರಿದ ಸೀರೆ ಕೇಳಿದಳು. ಕೆಲವರು ಕೊಟ್ಟರು. ವರ್ತಕನಿಗೆ ಅಂಜಿ ಹಲವರು ಕೊಡಲಿಲ್ಲ. ಆ ವರ್ಷವೆಲ್ಲ ಅವಳು ಹೊಲಿದದ್ದು ಒಂದೇ ಕೌದಿ. ಅದರ ಹೊಟ್ಟೆಯನ್ನೂ ತುಂಬಿಸಿಯೇ ಮುಚ್ಚಿದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ನಾಲ್ಕು ಕಾಳಿಗಾಗಿ ನಲವತ್ತು ಕೃತಿಗಳು ಹಾಳಾದವಲ್ಲ ಗುರುಗಳೇ! ತಾಯಿಯ ಕಾಲದಿಂದ ಬಂದ ಆಸರೆಯೂ ಹೋಯಿತು. ಎಷ್ಟು ಸಣ್ಣ ವಿಷಯ!"

ಗುರು ಹೇಳಿದರು: "ಅಷ್ಟು ಸಣ್ಣದಾಗಿದ್ದರೆ ವರ್ತಕನೇಕೆ ಬಿಡಲಿಲ್ಲ?"