ಟಿಟ್ಟಿಭ ತಡೆದ ಕುದುರೆ

ನೆಲ ಇನ್ನೂ ಹೊಸತಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ತಮ್ಮ ತಮ್ಮ ಜಾಗ ಹಿಡಿದು ಕೂತಿದ್ದವು. ಆಗ ಯಾವ ಹಕ್ಕಿಯೂ ಮರದಲ್ಲಿ ಗೂಡು ಕಟ್ಟುತ್ತಿರಲಿಲ್ಲ. ಕಾಗೆ, ಗಿಳಿ, ಗೀಜಗ ಎಲ್ಲವೂ ನೆಲದ ಮೇಲೇ ಮೊಟ್ಟೆ ಇಡುತ್ತಿದ್ದವು. ನೆಲ ಎಲ್ಲರದಾಗಿತ್ತು.

ಹೊಳೆಯ ದಂಡೆಯ ಕಲ್ಲುಗಳ ನಡುವೆ ಒಬ್ಬ ತಾಯಿ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿದ್ದಳು. ಉದ್ದನೆಯ ಹಳದಿ ಕಾಲು, ಮೆಲ್ಲನೆಯ ದನಿ. ಆಗ ಅವಳ ಕಣ್ಣಿನ ಮುಂದೆ ಈಗಿನಂತೆ ಕೆಂಪು ಗುರುತು ಇರಲಿಲ್ಲ.

ಆ ಸೀಮೆಗೆ ಜಯಂಧರನೆಂಬ ರಾಜಕುಮಾರನಿದ್ದ. ಶೂರ, ಅದು ಸುಳ್ಳಲ್ಲ. ಬರಿಗೈಯಲ್ಲಿ ಹುಲಿ ಕೊಂದವನು. ಅವನಿಗೆ ಚಕ್ರವರ್ತಿಯಾಗುವ ಆಸೆ ಹುಟ್ಟಿತು. ಒಂದು ಬಿಳಿಯ ಕುದುರೆಗೆ ಹೂಮಾಲೆ ಹಾಕಿ ಬಿಟ್ಟ. ಅದು ವರ್ಷವಿಡೀ ತಿರುಗಬೇಕು. ಅದು ಕಾಲಿಟ್ಟ ನೆಲವೆಲ್ಲ ಅವನದು. ಒಪ್ಪದವರು ಕುದುರೆಯನ್ನು ತಡೆಯಬೇಕು, ತಡೆದವರು ಅವನೊಡನೆ ಕಾದಬೇಕು. ವರ್ಷ ತುಂಬಿದ ದಿನ ಕುದುರೆಯನ್ನು ಯಜ್ಞಕ್ಕೆ ಬಲಿ ಕೊಡಬೇಕು. ಇದು ನಿಯಮ. ನಿಯಮ ಮಾಡುವಾಗ ಕುದುರೆಯನ್ನೂ ಕೇಳಲಿಲ್ಲ, ನೆಲದ ಮೇಲೆ ಬದುಕಿದ್ದವರನ್ನೂ ಕೇಳಲಿಲ್ಲ.

ಕುದುರೆ ಹೊಳೆಯ ಕಡೆಗೆ ಬಂತು. ಗಿಳಿ ಪೊಟರೆ ಸೇರಿತು. ಗೀಜಗ ಕೊಂಬೆಯ ತುದಿಗೆ ಜೋತುಬಿತ್ತು. ಕಾಗೆ ಮರದ ಮೇಲಿನಿಂದ ಕರೆಯಿತು. "ನೀನೂ ಬಾರೇ. ದೊಡ್ಡವರ ಸಹವಾಸ ನಮಗ್ಯಾಕೆ?"

"ನನ್ನ ಮೊಟ್ಟೆ?"

"ಮುಂದಿನ ಸಲ ಇಟ್ಟರಾಯಿತು."

ಟಿಟ್ಟಿಭ ಗಾಳಿಯನ್ನು ಕೇಳಿದಳು. "ಗಾಳಿಯಪ್ಪ, ಒಂದಿಷ್ಟು ಧೂಳೆಬ್ಬಿಸಿ ಕುದುರೆಯನ್ನು ಆಚೆ ತಿರುಗಿಸು."

"ಪುರುಸೊತ್ತಿಲ್ಲ ಮಗಳೇ. ರಾಜಕುಮಾರನ ಬಾವುಟ ಹಾರಿಸುತ್ತಿದ್ದೇನೆ."

ಹೊಳೆಯನ್ನು ಕೇಳಿದಳು. "ಹೊಳೆಯಮ್ಮ, ನೀನಾದರೂ ಅವರ ದಾರಿಗೆ ಅಡ್ಡ ಹರಿ."

"ಪಟ್ಟಾಭಿಷೇಕಕ್ಕೆ ನನ್ನ ನೀರೇ ಬೇಕಂತೆ. ನಾನು ಹೇಗೆ ಅಡ್ಡ ಬರಲಿ?"

ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ರೆಕ್ಕೆ ಬಿಚ್ಚಿ ಕುದುರೆಯ ಎದುರು ನಿಂತಳು.

"ಅಣ್ಣಾ, ಇಲ್ಲಿ ನನ್ನ ಮಕ್ಕಳಿದ್ದಾರೆ. ಕಾಲಿಡಬೇಡ."

ಕುದುರೆ ನಿಂತಿತು. ಹೊರಟ ದಿನದಿಂದ ಅದನ್ನು ಯಾರೂ ಅಣ್ಣ ಎಂದಿರಲಿಲ್ಲ. "ನನಗೇನು ಇಷ್ಟವೇ ತಂಗಿ? ಕಾಲು ನನ್ನದು, ಹೆಜ್ಜೆ ಅವರದು."

ಹಿಂದೆಯೇ ನಗಾರಿ ಬಾರಿಸುವ ದಂಡಿನೊಡನೆ ರಥ ಬಂತು. ರಥದಲ್ಲಿ ಜಯಂಧರ, ಪಕ್ಕದಲ್ಲಿ ಅವನ ಸಾಹಸಗಳ ಮೇಲೆ ಹಾಡು ಕಟ್ಟುವ ಹೊಗಳುಭಟ.

"ಯಾರು ತಡೆದದ್ದು?" ಎಂದ ಜಯಂಧರ.

"ನಾನು."

ಹೊಗಳುಭಟ ನಕ್ಕ. "ಪ್ರಭು, ಹುರಿದರೆ ಒಂದು ತುತ್ತಿಗೂ ಸಾಲದು."

"ತಡೆದವರ ಜೊತೆ ಕಾದಬೇಕು ಅಂತ ನಿಯಮ ಮಾಡಿದ್ದು ನಾನಲ್ಲ, ದೊರೆಮಗನೇ, ನೀನು," ಎಂದಳು ಟಿಟ್ಟಿಭ. "ಇಳಿದು ಬಾ."

ಜಯಂಧರ ಇಳಿಯಲಿಲ್ಲ. ಹಕ್ಕಿಯೊಡನೆ ಕಾದಿದರೆ ನಗೆಪಾಟಲು. ಕಾದದೆ ಹೋದರೆ ಯಜ್ಞ ಕೆಡುತ್ತದೆ. "ಆ ಆಲದ ಮರ ನಿನಗೆ ಕೊಟ್ಟಿದ್ದೇನೆ. ಅಲ್ಲಿ ಹೋಗಿ ಇರು," ಎಂದ.

"ಕೊಡುವುದಕ್ಕೆ ಅದೇನು ನಿಮ್ಮಪ್ಪ ನೆಟ್ಟ ಮರವೇ?"

ಹುಲಿ ಕೊಂದ ಕೈ ಕುದುರೆಯ ಮೇಲೆ ಚಾವಟಿ ಬೀಸಿತು. ಚಾವಟಿಯ ತುದಿ ಟಿಟ್ಟಿಭಳ ಕಣ್ಣಿನ ಮುಂದೆ ಬಿತ್ತು. ರಕ್ತ ಚಿಮ್ಮಿತು. ಅವಳು ಕದಲಲಿಲ್ಲ. ಕುದುರೆ ಅದನ್ನು ನೋಡಿತು. ಇನ್ನೂ ಎರಡು ಏಟು ತಿಂದಿತು. ಆದರೂ ಮುಂದೆ ಹೆಜ್ಜೆ ಇಡದೆ, ಕಲ್ಲುಗಳನ್ನು ಬಿಟ್ಟು ಸುತ್ತಿ ಹೋಯಿತು. ನಾಲ್ಕೂ ಮೊಟ್ಟೆಗಳು ಉಳಿದವು.

ಜಯಂಧರ ಹೊಗಳುಭಟನ ಕಡೆ ತಿರುಗಿದ. "ಇದನ್ನು ಏನೆಂದು ಹಾಡುತ್ತೀಯೆ?"

"ಕರುಣಾಳು ಜಯಂಧರ ಬಡಹಕ್ಕಿಗೆ ನೆಲ ದಾನ ಕೊಟ್ಟ ಅಂತ, ಪ್ರಭು."

"ಹಾಗೇ ಹಾಡು."

ದಾನವಂತೆ. ಕಣ್ಣಿನ ಪಕ್ಕ ರಕ್ತ ಇನ್ನೂ ಒಣಗಿರಲಿಲ್ಲ. ಟಿಟ್ಟಿಭ ಹುಟ್ಟಿದಂದಿನಿಂದ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದಳು. ಅದು ನಗಾರಿಯ ಸದ್ದಿನಲ್ಲಿ ಮುಚ್ಚಿಹೋಯಿತು. ಅವಳ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದವನು ಕುದುರೆಯಣ್ಣ ಒಬ್ಬನೇ. ವರ್ಷ ತುಂಬಿದ ದಿನ ಅವನನ್ನು ಯಜ್ಞಕಂಬಕ್ಕೆ ಕಟ್ಟಿ ಕೊಂದರು. ಹೊಗಳುಭಟನ ಹಾಡು ಊರೂರಿಗೆ ಹೋಯಿತು. ಮರ ಹತ್ತಿದ ಹಕ್ಕಿಗಳೂ ಅದನ್ನೇ ಕಲಿತವು, ಮೊಟ್ಟೆ ಇಡಲು ಮತ್ತೆ ನೆಲಕ್ಕೆ ಬರಲಿಲ್ಲ.

ಟಿಟ್ಟಿಭ ಮಾತ್ರ ಮರ ಹತ್ತಲಿಲ್ಲ. ಅವಳ ನಾಲ್ಕು ಮರಿಗಳಿಗೂ ಬೆಳೆಯುತ್ತ ಕಣ್ಣಿನ ಮುಂದೆ ಅದೇ ಕೆಂಪು ಮೂಡಿತು.

ಅದಕ್ಕೇ ಇವತ್ತಿಗೂ ಟಿಟ್ಟಿಭ ಬಯಲ ಕಲ್ಲುಗಳ ನಡುವೆಯೇ ಮೊಟ್ಟೆ ಇಡುತ್ತದೆ. ಎತ್ತು ಬರಲಿ, ಟ್ರ್ಯಾಕ್ಟರ್ ಬರಲಿ, ನೀವೇ ಬನ್ನಿ, ತಲೆಯ ಮೇಲೆ ಸುತ್ತುತ್ತ ಕೂಗುತ್ತದೆ, ಈ ನೆಲ ಯಾರೂ ದಾನ ಕೊಟ್ಟದ್ದಲ್ಲ, ನನ್ನ ತಾಯಿ ಎದುರು ನಿಂತು ಉಳಿಸಿಕೊಂಡದ್ದು ಎಂದು.